ನಾಯಕನನ್ನು ಆರಿಸಲು ಎಷ್ಟು ನೆನಪು ಬೇಕು?

ಕೊಡಗಿನ ದಕ್ಷಿಣ ಭಾಗದಲ್ಲಿ, ನಾಗರಹೊಳೆಯ ಕಾಡಿಗೆ ಸಮೀಪದಲ್ಲಿ ಬಾಳೆಲೆ ಎಂಬ ಊರಿದೆ. ಕಾಫಿ ತೋಟಗಳ ಮತ್ತು ಗದ್ದೆಗಳ ನಡುವೆ ದೂರ ದೂರಕ್ಕೆ ಮನೆಗಳಿರುವ ಊರು. ಇಂಥ ಊರಿನ ಒಂದು ಕೊಡವ ಒಕ್ಕದಲ್ಲಿ ಪಟ್ಟೆದಾರರು ತೀರಿಕೊಂಡರೆಂದು ಭಾವಿಸಿ. ಮುಂದಿನ ಪಟ್ಟೆದಾರರು ಯಾರು? ಇದಕ್ಕಾಗಿ ಯಾರೂ ಸಭೆ ಕರೆದು ಮತ ಹಾಕಬೇಕಾಗಿಲ್ಲ. ಒಕ್ಕದ ಗಂಡಸರಲ್ಲಿ ಉಳಿದವರೆಲ್ಲರಿಗಿಂತ ಹಿರಿಯರು ಯಾರೋ ಅವರೇ ಪಟ್ಟೆದಾರರು. ಒಬ್ಬರು ಮೈಸೂರಿನಲ್ಲಿರಲಿ, ಇನ್ನೊಬ್ಬರು ಸೈನ್ಯದಲ್ಲಿರಲಿ, ಕೇಳಿದರೆ ಎಲ್ಲರೂ ಒಂದೇ ಹೆಸರನ್ನು ಹೇಳುತ್ತಾರೆ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು 1952ರಲ್ಲಿ ಪ್ರಕಟವಾದ ಕೊಡವರ ಕುರಿತ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಒಕ್ಕವೆಂಬ ಈ ವ್ಯವಸ್ಥೆಯನ್ನು ವಿವರವಾಗಿ ಪರಿಶೀಲಿಸಿದ್ದಾರೆ.

ಈ ಪದ್ಧತಿ ನೋಡಲು ಬಹಳ ಸರಳ. ಆದರೆ ಇದು ನಡೆಯಬೇಕಾದರೆ ಒಂದು ಬಂಡವಾಳ ಬೇಕು. ಅದು ನೆನಪು. ಯಾರು ಯಾರಿಗಿಂತ ಹಿರಿಯರು ಎಂಬುದು ಒಕ್ಕದವರಿಗೆ ನೆನಪಿರಬೇಕು. ಯಾರು ಬದುಕಿದ್ದಾರೆ ಎಂಬುದೂ ತಿಳಿದಿರಬೇಕು. ಎಲ್ಲರ ನೆನಪೂ ಅಳಿಸಿಹೋದರೆ ಅಥವಾ ಒಬ್ಬೊಬ್ಬರ ನೆನಪು ಒಂದೊಂದು ಬಗೆಯಾದರೆ ಏನಾದೀತು? ಒಂದೇ ಮನೆಗೆ ಇಬ್ಬರು ಯಜಮಾನರಾಗಬಹುದು, ಇಲ್ಲವೇ ಯಜಮಾನರೇ ಇಲ್ಲವಾಗಬಹುದು.

ಇದೇ ಪ್ರಶ್ನೆ ಗಣಕಯಂತ್ರಗಳ ಲೋಕದಲ್ಲಿ ಅರ್ಧ ಶತಮಾನದಿಂದ ವಿಜ್ಞಾನಿಗಳನ್ನು ಕಾಡಿದೆ. ಅನೇಕ ಗಣಕಗಳು ತಂತಿಗಳಿಂದ ಜೋಡಿಸಲ್ಪಟ್ಟು ಒಟ್ಟಾಗಿ ಕೆಲಸ ಮಾಡುವ ವ್ಯವಸ್ಥೆಗೆ ಹಂಚಿಕೆಯ ಗಣಕ ವ್ಯವಸ್ಥೆ ಎನ್ನುತ್ತಾರೆ. ಅದರಲ್ಲಿ ಒಂದು ಯಂತ್ರ ಮುಂದಾಳಾಗಬೇಕು. ಒಂದೇ ಒಂದು ಆಗಬೇಕು. ಆಯ್ಕೆಯನ್ನು ಯಂತ್ರಗಳು ತಾವೇ ಮಾಡಿಕೊಳ್ಳಬೇಕು. ಇದಕ್ಕೆ ಪ್ರತಿ ಯಂತ್ರವೂ ಕನಿಷ್ಠ ಎಷ್ಟು ನೆನಪಿಟ್ಟುಕೊಳ್ಳಬೇಕು? ಈ ಒಂದು ಪ್ರಶ್ನೆಯ ಚರಿತ್ರೆಯನ್ನು ಇಲ್ಲಿ ನೋಡೋಣ.

ಕಳೆದುಹೋದ ಟೋಕನ್

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕ ತಯಾರಾಯಿತು. ಅನೇಕ ಸಂಸ್ಕಾರಕಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ ಯಂತ್ರ ಅದು. ಹೀಗೆ ಒಂದೇ ಕೋಣೆಯಲ್ಲಿ, ಒಬ್ಬರೇ ವಿನ್ಯಾಸಕಾರರ ಕೈಯಲ್ಲಿರುವ ಯಂತ್ರಗಳಾದರೆ ಮುಂದಾಳು ಯಾರೆಂದು ಮೊದಲೇ ಗೊತ್ತುಪಡಿಸಬಹುದು. ಯಂತ್ರಗಳು ಊರೂರುಗಳಲ್ಲಿ ಚದುರಿಹೋದಾಗ ತೊಂದರೆ ಆರಂಭವಾಗುತ್ತದೆ. ಅದೇ 1986ರ ಸುಮಾರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು ಮುಂತಾದವನ್ನು ಜೋಡಿಸುವ ಅರ್ನೆಟ್ ಜಾಲದ ಕೆಲಸವೂ ಆರಂಭವಾಯಿತು. ಇಷ್ಟು ದೂರದ ಜಾಲದಲ್ಲಿ ಯಾವುದೋ ಒಂದು ಯಂತ್ರ ಯಾವಾಗ ಬೇಕಾದರೂ ನಿಂತುಹೋಗಬಹುದು. ಮೊದಲೇ ಗೊತ್ತುಪಡಿಸಿದ ಮುಂದಾಳೇ ನಿಂತುಹೋದರೆ?

ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಟ್ಟವರು ಫ್ರಾನ್ಸಿನ ಜೆರಾರ್ ಲ ಲಾನ್. ಅದು 1977ನೆಯ ಇಸವಿ. ಆಗಿನ ಕೆಲವು ಜಾಲಗಳಲ್ಲಿ ಯಂತ್ರಗಳು ಉಂಗುರದಂತೆ ಒಂದರ ಪಕ್ಕ ಒಂದು ಇರುತ್ತಿದ್ದವು. ಟೋಕನ್ ಎಂಬ ಒಂದು ಪುಟ್ಟ ಸಂದೇಶ ಆ ಉಂಗುರದಲ್ಲಿ ಸುತ್ತುತ್ತಿತ್ತು. ಟೋಕನ್ ತನ್ನ ಬಳಿ ಬಂದಾಗ ಮಾತ್ರ ಯಂತ್ರವು ಮಾತನಾಡಬಹುದು. ಈ ಟೋಕನ್ ಎಲ್ಲಿಯೋ ಕಳೆದುಹೋದರೆ ಹೊಸದನ್ನು ಒಂದು ಯಂತ್ರ ಹುಟ್ಟಿಸಬೇಕು. ಎರಡು ಯಂತ್ರಗಳು ಹುಟ್ಟಿಸಿದರೆ ಗೊಂದಲ. ಆದ್ದರಿಂದ ಆ ಒಂದು ಯಂತ್ರವನ್ನು ಆರಿಸುವ ವಿಧಾನ ಬೇಕಾಯಿತು.

1979ರಲ್ಲಿ ಅರ್ನೆಸ್ಟ್ ಚಾಂಗ್ ಮತ್ತು ರೋಸ್‌ಮೇರಿ ರಾಬರ್ಟ್ಸ್ ಈ ವಿಧಾನವನ್ನು ಸುಧಾರಿಸಿದರು. ಅದನ್ನು ತಿಳಿಯಲು ದೀಪದ ಸುತ್ತ ಬೊಳಕಾಟ್ ಆಡುವವರ ವೃತ್ತವನ್ನು ಕಲ್ಪಿಸಿಕೊಳ್ಳಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ಸಂಖ್ಯೆ ಕೊಟ್ಟಿದೆ. ಪ್ರತಿಯೊಬ್ಬರೂ ತಮ್ಮ ಸಂಖ್ಯೆಯನ್ನು ಬಲಗಡೆಯವರಿಗೆ ಹೇಳುತ್ತಾರೆ. ಎಡಗಡೆಯಿಂದ ಬಂದ ಸಂಖ್ಯೆ ತನ್ನದಕ್ಕಿಂತ ದೊಡ್ಡದಾದರೆ ಮುಂದಕ್ಕೆ ದಾಟಿಸಬೇಕು. ಚಿಕ್ಕದಾದರೆ ಅಲ್ಲಿಯೇ ಬಿಟ್ಟುಬಿಡಬೇಕು. ಯಾರ ಸಂಖ್ಯೆ ಪೂರ್ತಿ ಸುತ್ತಿ ಅವರಿಗೇ ಮರಳಿ ಬರುತ್ತದೆಯೋ ಅವರೇ ಮುಂದಾಳು. ಅತಿ ದೊಡ್ಡ ಸಂಖ್ಯೆಯೊಂದೇ ಯಾರ ತಡೆಯೂ ಇಲ್ಲದೆ ಸುತ್ತಿ ಬರಬಲ್ಲದು ಎಂಬುದು ಸ್ಪಷ್ಟ.

ಇಲ್ಲಿ ಮಾತುಗಳ ಖರ್ಚು ಎಷ್ಟು? 1,000 ಯಂತ್ರಗಳಿದ್ದರೆ, ಸಂಖ್ಯೆಗಳು ಅತಿ ಕೆಟ್ಟ ಕ್ರಮದಲ್ಲಿ ನಿಂತಾಗ 5,00,500 ಸಂದೇಶಗಳು ಬೇಕು. ಸರಾಸರಿಯಲ್ಲಿ ಸುಮಾರು 7,500 ಸಾಕು. ಆ ಕಾಲದ ಸಂಶೋಧಕರು ಹೆಚ್ಚಾಗಿ ಎಣಿಸಿದ್ದು ಈ ಸಂದೇಶಗಳನ್ನೇ. ಜಾಲದ ತಂತಿ ನಿಧಾನ, ಅದರ ಬೆಲೆ ಹೆಚ್ಚು ಎಂಬುದು ಇದಕ್ಕೆ ಕಾರಣ. ನೆನಪಿನ ಲೆಕ್ಕವನ್ನು ಯಾರೂ ಮುಖ್ಯವೆಂದು ಭಾವಿಸಲಿಲ್ಲ.

ಆ ಲೆಕ್ಕವನ್ನು ನಾವು ಮಾಡಿ ನೋಡೋಣ. ಗಣಕದ ನೆನಪನ್ನು ಬಿಟ್‌ಗಳಲ್ಲಿ ಅಳೆಯುತ್ತಾರೆ. ಒಂದು ಬಿಟ್ ಎಂದರೆ 0 ಅಥವಾ 1. ಒಂದು ಬಿಟ್‌ನಿಂದ 2 ಹೆಸರುಗಳನ್ನು, 2 ಬಿಟ್‌ಗಳಿಂದ 4 ಹೆಸರುಗಳನ್ನು, 10 ಬಿಟ್‌ಗಳಿಂದ 1,024 ಹೆಸರುಗಳನ್ನು ಬರೆಯಬಹುದು. ಯಂತ್ರಗಳ ಸಂಖ್ಯೆ ಇಮ್ಮಡಿಯಾದಾಗ ಒಂದು ಬಿಟ್ ಮಾತ್ರ ಹೆಚ್ಚಾಗುತ್ತದೆ. ನೀವು ಗಣಿತದಲ್ಲಿ ಕಲಿಯುವ ಲಾಗರಿದಮ್ ಇದೇ. ಇಲ್ಲಿ ಆಧಾರಸಂಖ್ಯೆ 10ರ ಬದಲು 2. ಉಂಗುರದ ವಿಧಾನದಲ್ಲಿ ಯಂತ್ರವು ತನ್ನ ಸಂಖ್ಯೆಯೊಡನೆ ಸಂದೇಶದ ಸಂಖ್ಯೆಯನ್ನು ಹೋಲಿಸಿದರೆ ಸಾಕು. ಆದ್ದರಿಂದ ಸಾವಿರ ಯಂತ್ರಗಳಿಗೆ ಹತ್ತಿಪ್ಪತ್ತು ಬಿಟ್‌ಗಳ ನೆನಪು ಸಾಕು.

1982ರಲ್ಲಿ ಹೆಕ್ಟರ್ ಗಾರ್ಸಿಯಾ ಮೊಲಿನಾ ಇನ್ನೊಂದು ವಿಧಾನವನ್ನು ಪ್ರಕಟಿಸಿದರು. ಇದರಲ್ಲಿ ಎಲ್ಲ ಯಂತ್ರಗಳಿಗೂ ಎಲ್ಲ ಯಂತ್ರಗಳ ಸಂಖ್ಯೆ ಗೊತ್ತು. ಮುಂದಾಳು ಉತ್ತರ ಕೊಡದಿದ್ದರೆ, ಅದನ್ನು ಗಮನಿಸಿದ ಯಂತ್ರವು ತನಗಿಂತ ದೊಡ್ಡ ಸಂಖ್ಯೆಯವರನ್ನೆಲ್ಲ ಕರೆಯುತ್ತದೆ. ಯಾರೂ ಓಗೊಡದಿದ್ದರೆ ತಾನೇ ಮುಂದಾಳಾಗುತ್ತದೆ. ಓದುಗರು ಗಮನಿಸಿರಬಹುದು: ಇದು ನಮ್ಮ ಪಟ್ಟೆದಾರಿಕೆಯ ಕ್ರಮಕ್ಕೆ ಬಹಳ ಹತ್ತಿರ. ಆದರೆ ಇದರ ನೆನಪಿನ ವೆಚ್ಚ ದೊಡ್ಡದು. ಸಾವಿರ ಯಂತ್ರಗಳಿದ್ದರೆ ಪ್ರತಿಯೊಂದೂ ಸಾವಿರ ಹೆಸರುಗಳ ಪಟ್ಟಿಯನ್ನು, ಅಂದರೆ ಸುಮಾರು 10,000 ಬಿಟ್‌ಗಳನ್ನು, ಕಾಪಾಡಬೇಕು.

ಹೆಸರಿಲ್ಲದವರ ಆಯ್ಕೆ

ಇಷ್ಟು ಹೊತ್ತು ಪ್ರತಿ ಯಂತ್ರಕ್ಕೂ ಬೇರೆ ಸಂಖ್ಯೆ ಇದೆಯೆಂದು ಒಪ್ಪಿಕೊಂಡೆವು. ಆ ಸಂಖ್ಯೆಯೇ ಇಲ್ಲದಿದ್ದರೆ? ಎಲ್ಲ ಯಂತ್ರಗಳೂ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದರೆ?

1980ರಲ್ಲಿ ಅಮೆರಿಕದ ಡೇನಾ ಆಂಗ್ಲೂಯಿನ್ ಇದಕ್ಕೆ ಖಚಿತವಾದ ಉತ್ತರ ಕೊಟ್ಟರು. ಒಂದೇ ಬಗೆಯ ಯಂತ್ರಗಳು ಉಂಗುರದಲ್ಲಿದ್ದು, ಒಂದೇ ಸ್ಥಿತಿಯಲ್ಲಿ ಆರಂಭಿಸಿ, ಒಂದೇ ನಿಯಮದಂತೆ, ಒಂದೇ ಹೆಜ್ಜೆಯಲ್ಲಿ ನಡೆದರೆ, ಮೊದಲ ಹೆಜ್ಜೆಯ ಅನಂತರವೂ ಎಲ್ಲವೂ ಒಂದೇ ಸ್ಥಿತಿಯಲ್ಲಿರುತ್ತವೆ. ಎರಡನೆಯ ಹೆಜ್ಜೆಯ ಅನಂತರವೂ ಹಾಗೆಯೇ. ಒಂದು ಯಂತ್ರ ‘ನಾನು ಮುಂದಾಳು’ ಎಂದ ಕ್ಷಣದಲ್ಲಿಯೇ ಉಳಿದವೂ ಹಾಗೆಂದುಬಿಡುತ್ತವೆ. ಎಷ್ಟೇ ನೆನಪು ಕೊಟ್ಟರೂ ಈ ತೊಡಕು ಬಿಡಿಸುವುದಿಲ್ಲ.

ನಮ್ಮ ಜನಪದ ಕಥೆಗಳಲ್ಲಿ ಅರಸನಿಲ್ಲದ ರಾಜ್ಯದ ಪ್ರಸಂಗ ಬರುತ್ತದೆ. ಪಟ್ಟದಾನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಬಿಡುತ್ತಾರೆ. ಅದು ಯಾರ ಕೊರಳಿಗೆ ಹಾಕುತ್ತದೆಯೋ ಅವನೇ ರಾಜ. ಸಮಾನರಲ್ಲಿ ಒಬ್ಬನನ್ನು ಬೇರ್ಪಡಿಸಲು ಹೊರಗಿನದೊಂದು ಕೈ ಬೇಕು ಎಂಬುದನ್ನು ಈ ಕಥೆ ಬಲ್ಲದು. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳ ಒಂದನೆಯ ಪರಾಂತಕನ ಕಾಲದ, ಹತ್ತನೆಯ ಶತಮಾನದ ಶಾಸನಗಳಿವೆ. ಅರ್ಹರಾದವರ ಹೆಸರುಗಳನ್ನು ಓಲೆಯ ಚೀಟಿಗಳಲ್ಲಿ ಬರೆದು, ಮಡಕೆಗೆ ಹಾಕಿ, ಒಬ್ಬ ಚಿಕ್ಕ ಹುಡುಗನಿಂದ ಎತ್ತಿಸಬೇಕೆಂದು ಅವು ಹೇಳುತ್ತವೆ. ಹಿಂದಿನ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವರ ಹೆಸರನ್ನು ಸೇರಿಸಬಾರದೆಂಬ ನಿಯಮವೂ ಇತ್ತು. ಚೀಟಿ ಎತ್ತುವ ಹುಡುಗನಿಗೆ ಏನೂ ನೆನಪಿರಬೇಕಾಗಿಲ್ಲ. ಆದರೆ ಸಭೆಗೆ ಮೂರು ವರ್ಷಗಳ ನೆನಪಿರಬೇಕು.

ಗಣಕಗಳಲ್ಲಿಯೂ ಬಂದದ್ದು ಇದೇ ಉಪಾಯ. 1981ರಲ್ಲಿ ಇಸ್ರೇಲಿನ ಅಲೋನ್ ಇತಾಯ್ ಮತ್ತು ಮೈಕೇಲ್ ರೊಡೆ, ಪ್ರತಿ ಯಂತ್ರವೂ ನಾಣ್ಯ ಚಿಮ್ಮಿದಂತೆ ಯಾದೃಚ್ಛಿಕವಾಗಿ ಸಂಖ್ಯೆಗಳನ್ನು ಆರಿಸಿಕೊಳ್ಳುವುದಾದರೆ ಹೆಸರಿಲ್ಲದ ಉಂಗುರದಲ್ಲಿಯೂ ಮುಂದಾಳನ್ನು ಆರಿಸಬಹುದೆಂದು ತೋರಿಸಿದರು. ಆದರೆ ಉಂಗುರದಲ್ಲಿ ಎಷ್ಟು ಯಂತ್ರಗಳಿವೆ ಎಂಬುದು ಅವುಗಳಿಗೆ ತಿಳಿದಿರಬೇಕು. ಸಾವಿರವನ್ನು ನೆನಪಿಡಲು ಮತ್ತೆ ಹತ್ತು ಬಿಟ್‌ಗಳು ಬೇಕು! ಹೆಸರನ್ನು ತೆಗೆದುಹಾಕಿದರೂ ಎಣಿಕೆಯ ರೂಪದಲ್ಲಿ ನೆನಪು ಹಿಂಬಾಗಿಲಿನಿಂದ ಬಂದು ಕುಳಿತಿತು.

ನೆನಪೇ ಕೆಟ್ಟರೆ

1980ರ ಅಕ್ಟೋಬರ್ 27ರಂದು ಅಮೆರಿಕದ ಅರ್ಪಾನೆಟ್ ಜಾಲ ಹಲವು ಗಂಟೆಗಳ ಕಾಲ ಸ್ತಬ್ಧವಾಯಿತು. ಇಂದಿನ ಇಂಟರ್‌ನೆಟ್‌ಗೆ ಮೂಲವಾದ ಜಾಲ ಅದು. ಯಾರೂ ತಂತಿ ಕಡಿದಿರಲಿಲ್ಲ. ಒಂದು ಯಂತ್ರದ ನೆನಪಿನಲ್ಲಿ ಎರಡು ಬಿಟ್‌ಗಳು ಬಿದ್ದುಹೋಗಿದ್ದವು, ಅಷ್ಟೇ.

ಆ ಜಾಲದಲ್ಲಿ ಸುದ್ದಿಯ ಸಂದೇಶಗಳಿಗೆ 0ಯಿಂದ 63ರವರೆಗೆ ಕ್ರಮಸಂಖ್ಯೆ ಇರುತ್ತಿತ್ತು. 63 ಆದಮೇಲೆ ಮತ್ತೆ 0. ಗಡಿಯಾರದ ಮುಳ್ಳಿನಂತೆ ಸುತ್ತುವ ಸಂಖ್ಯೆಗಳಾದುದರಿಂದ, ಎರಡರಲ್ಲಿ ಯಾವುದು ಹೊಸದು ಎಂಬುದನ್ನು ಸುತ್ತಿನ ಅಂತರ ನೋಡಿ ತೀರ್ಮಾನಿಸುತ್ತಿದ್ದರು. 44 ಎಂಬ ಸಂಖ್ಯೆ ದ್ವಿಮಾನ ಪದ್ಧತಿಯಲ್ಲಿ 101100. ಅದರಲ್ಲಿ ಒಂದು ಬಿಟ್ ಬಿದ್ದಾಗ 101000, ಅಂದರೆ 40 ಆಯಿತು. ಇನ್ನೊಂದು ಬಿದ್ದಾಗ 001000, ಅಂದರೆ 8 ಆಯಿತು. ಜಾಲದ ನಿಯಮದಂತೆ 40 ಎಂಬುದು 8ಕ್ಕಿಂತ ಹೊಸದು, 44 ಎಂಬುದು 40ಕ್ಕಿಂತ ಹೊಸದು, ಸುತ್ತು ಹಾಕಿ ಬಂದಾಗ 8 ಎಂಬುದು 44ಕ್ಕಿಂತ ಹೊಸದು! ಮೂರೂ ಸಂದೇಶಗಳು ಒಂದನ್ನೊಂದು ಅಟ್ಟಿಸಿಕೊಂಡು ಜಾಲದಲ್ಲೆಲ್ಲ ಸುತ್ತತೊಡಗಿದವು. ಬೇರೆ ಕೆಲಸಕ್ಕೆ ಎಡೆಯೇ ಇಲ್ಲವಾಯಿತು. ತಂತಿಯ ಮೇಲೆ ಹೋಗುವಾಗ ಆಗುವ ತಪ್ಪನ್ನು ಹಿಡಿಯುವ ಏರ್ಪಾಡು ಇತ್ತು. ನೆನಪಿನೊಳಗೆ ಕುಳಿತಾಗ ಆದ ತಪ್ಪನ್ನು ಅದು ಹಿಡಿಯಲಿಲ್ಲ.

ಇಂಥ ಆಪತ್ತನ್ನು ಆರು ವರ್ಷ ಮೊದಲೇ ಹಾಲೆಂಡಿನ ಎಡ್ಸ್ಗರ್ ಡೈಕ್ಸ್ಟ್ರಾ ಆಲೋಚಿಸಿದ್ದರು. 1974ರಲ್ಲಿ ಪ್ರಕಟವಾದ ಅವರ ಲೇಖನದ ಉದ್ದ ಎರಡು ಪುಟ ಮಾತ್ರ. ವ್ಯವಸ್ಥೆಯ ನೆನಪು ಎಷ್ಟೇ ಕೆಟ್ಟಿರಲಿ, ಹೊರಗಿನವರ ಸಹಾಯವಿಲ್ಲದೆ ತಾನಾಗಿಯೇ ಸರಿದಾರಿಗೆ ಬರುವಂತೆ ಅದನ್ನು ಕಟ್ಟಬಹುದೆಂದು ಅವರು ತೋರಿಸಿದರು. ಇದನ್ನು ಸ್ವಯಂಸ್ಥಿರೀಕರಣ ಎನ್ನಬಹುದು. ಬಹುಕಾಲ ಈ ಲೇಖನವನ್ನು ಹೆಚ್ಚು ಜನ ಗಮನಿಸಲಿಲ್ಲ. 1983ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ತಮ್ಮ ಒಂದು ಭಾಷಣದಲ್ಲಿ ಅದರ ಮಹತ್ವವನ್ನು ಎತ್ತಿ ಹೇಳಿದ ಮೇಲೆ ಸಂಶೋಧಕರು ಅದರ ಕಡೆಗೆ ತಿರುಗಿದರು.

ನಾಯಕನ ಆಯ್ಕೆಗೆ ಈ ಮಾತು ಹೇಗೆ ಅನ್ವಯಿಸುತ್ತದೆ ನೋಡಿ. ಸಾವಿರ ಯಂತ್ರಗಳಿಗೆ 1ರಿಂದ 1,000ದವರೆಗೆ ಸಂಖ್ಯೆಗಳಿವೆ. ಏನೋ ದೋಷದಿಂದ ‘ನಮ್ಮ ಮುಂದಾಳು 1,200’ ಎಂದು ಎಲ್ಲವುಗಳ ನೆನಪಿನಲ್ಲೂ ಬರೆದುಹೋಯಿತು. ಇಲ್ಲದ ನಾಯಕನಿಗೆ ಎಲ್ಲರೂ ತಲೆಬಾಗಿ ಕುಳಿತಿರುತ್ತಾರೆ. ಯಾರೂ ಹೊಸ ಆಯ್ಕೆಯನ್ನು ಆರಂಭಿಸುವುದಿಲ್ಲ. ತಪ್ಪು ನೆನಪು ನೆನಪಿಲ್ಲದಿರುವುದಕ್ಕಿಂತ ಅಪಾಯಕರ.

ಮರೆಯುವುದೂ ಒಂದು ವಿದ್ಯೆ

ಇದಕ್ಕೆ ಬಹಳ ಉಪಯುಕ್ತವಾದ ಪರಿಹಾರ ಕೊಟ್ಟವರು ಅಮೆರಿಕದ ರೇಡಿಯಾ ಪರ್ಲ್‌ಮನ್. ಅವರು 1985ರಲ್ಲಿ ಪ್ರಕಟಿಸಿದ ವಿಧಾನ 1990ರಲ್ಲಿ ಅಂತರರಾಷ್ಟ್ರೀಯ ಮಾನಕದ ಭಾಗವಾಯಿತು. ಕಚೇರಿಗಳಲ್ಲಿ, ಕಾಲೇಜುಗಳ ಗಣಕ ಪ್ರಯೋಗಾಲಯಗಳಲ್ಲಿ ಜಾಲದ ತಂತಿಗಳನ್ನು ಜೋಡಿಸುವ ಸ್ವಿಚ್ ಎಂಬ ಪೆಟ್ಟಿಗೆಗಳಲ್ಲಿ ಅದೂ ಅದರಿಂದ ಬೆಳೆದ ವಿಧಾನಗಳೂ ಇಂದಿಗೂ ನಡೆಯುತ್ತಿವೆ.

ಪ್ರತಿ ಪೆಟ್ಟಿಗೆಗೂ 8 ಬೈಟ್‌ಗಳ, ಅಂದರೆ 64 ಬಿಟ್‌ಗಳ ಒಂದು ಗುರುತುಸಂಖ್ಯೆ ಇದೆ. ಇದರಲ್ಲಿ 2 ಬೈಟ್ ಆದ್ಯತೆಗೆ, 6 ಬೈಟ್ ತಯಾರಕರು ಕೊಟ್ಟ ವಿಳಾಸಕ್ಕೆ. ಅತಿ ಚಿಕ್ಕ ಸಂಖ್ಯೆಯ ಪೆಟ್ಟಿಗೆಯೇ ಮೂಲ, ಅಂದರೆ ಮುಂದಾಳು. ಆದ್ಯತೆಯನ್ನು ಯಾರೂ ಬದಲಿಸದಿದ್ದರೆ ಅದು ಎಲ್ಲ ಪೆಟ್ಟಿಗೆಗಳಲ್ಲೂ 32,768 ಇರುತ್ತದೆ. ಆಗ ಚಿಕ್ಕ ವಿಳಾಸ ಗೆಲ್ಲುತ್ತದೆ. ಒಬ್ಬನೇ ತಯಾರಕನ ಪೆಟ್ಟಿಗೆಗಳಲ್ಲಿ ಚಿಕ್ಕ ವಿಳಾಸ ಸಾಮಾನ್ಯವಾಗಿ ಹಳೆಯ ಪೆಟ್ಟಿಗೆಯದು. ಹೀಗೆ ಪ್ರಯೋಗಾಲಯದ ಮೂಲೆಯಲ್ಲಿರುವ ಅತಿ ಹಳೆಯ ಪೆಟ್ಟಿಗೆಯೇ ಯಾರಿಗೂ ತಿಳಿಯದಂತೆ ಪಟ್ಟೆದಾರನಾಗಿಬಿಡುವುದುಂಟು!

ನೆನಪಿನ ವಿಷಯದಲ್ಲಿ ಈ ವಿಧಾನ ಬಹಳ ಮಿತವ್ಯಯದ್ದು. ಪೆಟ್ಟಿಗೆಯು ತನ್ನ ಪ್ರತಿ ತಂತಿಯಲ್ಲಿ ಇದುವರೆಗೆ ಕೇಳಿದ ಅತಿ ಒಳ್ಳೆಯ ಸುದ್ದಿಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಜಾಲದಲ್ಲಿ ಹತ್ತು ಪೆಟ್ಟಿಗೆಗಳಿರಲಿ, ನೂರಿರಲಿ, ಪ್ರತಿಯೊಂದಕ್ಕೂ ಬೇಕಾದ ನೆನಪು ಹೆಚ್ಚಾಗುವುದಿಲ್ಲ. ಇನ್ನು ಇಲ್ಲದ ನಾಯಕನ ಸಮಸ್ಯೆ. ಮುಂದಾಳು 2 ಸೆಕೆಂಡುಗಳಿಗೊಮ್ಮೆ ‘ನಾನಿದ್ದೇನೆ’ ಎಂಬ ಸುದ್ದಿ ಕಳುಹಿಸುತ್ತದೆ. 20 ಸೆಕೆಂಡುಗಳವರೆಗೆ ಹೊಸ ಸುದ್ದಿ ಬಾರದಿದ್ದರೆ ಹಳೆಯ ನೆನಪನ್ನು ಅಳಿಸಿಹಾಕಬೇಕು. ಮುಂಗಾರಿನ ರಾತ್ರಿ ಬಾಳೆಲೆಯಂಥ ಊರಿನಲ್ಲಿ ಮರ ಬಿದ್ದು ವಿದ್ಯುತ್ ಹೋಗಿ ಬಂದರೂ, ಅಲ್ಲಿಯ ಪೆಟ್ಟಿಗೆಗಳು ಯಾರನ್ನೂ ಕೇಳದೆ ತಮ್ಮ ಮುಂದಾಳನ್ನು ಮತ್ತೆ ಕಂಡುಕೊಳ್ಳುವುದು ಹೀಗೆ.

ಒಂದೇ ಬಿಟ್‌ನ ಆಟ

1990ರಲ್ಲಿ ಟೆಡ್ ಹರ್ಮನ್ ಎಂಬವರು ಪ್ರಕಟಿಸಿದ ಒಂದು ಉಪಾಯವನ್ನು ನೀವು ತರಗತಿಯಲ್ಲಿಯೇ ಆಡಿ ನೋಡಬಹುದು. ಏಳು ಮಂದಿ ವೃತ್ತವಾಗಿ ನಿಲ್ಲಿ. ಪ್ರತಿಯೊಬ್ಬರೂ ಕೈ ಎತ್ತಿರಬೇಕು ಅಥವಾ ಇಳಿಸಿರಬೇಕು. ಇದು ಒಂದು ಬಿಟ್. ನಿಮ್ಮ ಕೈ ಎಡಗಡೆಯವರ ಕೈಯಂತೆಯೇ ಇದ್ದರೆ ಟೋಕನ್ ನಿಮ್ಮಲ್ಲಿದೆ ಎಂದು ಅರ್ಥ.

ಈಗ ಎಲ್ಲರೂ ಟೋಕನ್ ಇಲ್ಲದವರಾಗಲು ಯತ್ನಿಸಿ. ಅಂದರೆ ಒಬ್ಬರ ಕೈ ಮೇಲೆ, ಪಕ್ಕದವರದು ಕೆಳಗೆ, ಮತ್ತೆ ಮೇಲೆ, ಹೀಗೆ. ಏಳು ಬೆಸಸಂಖ್ಯೆಯಾದುದರಿಂದ ಎಲ್ಲಿಯೋ ಒಂದು ಕಡೆ ಇಬ್ಬರು ನೆರೆಯವರ ಕೈ ಒಂದೇ ರೀತಿ ಇದ್ದೇ ಇರುತ್ತದೆ. ಯಾರ ನೆನಪು ಹೇಗೆ ಕೆಟ್ಟರೂ ಟೋಕನ್ ಪೂರ್ತಿ ಇಲ್ಲವಾಗುವುದು ಸಾಧ್ಯವೇ ಇಲ್ಲ. ಟೋಕನ್‌ಗಳು ಹೆಚ್ಚಾಗಿದ್ದರೆ ಕಡಿಮೆ ಮಾಡುವ ಬಗೆ ಹೀಗಿದೆ. ಅಧ್ಯಾಪಕರು ಚಪ್ಪಾಳೆ ತಟ್ಟಿದಾಗ, ಟೋಕನ್ ಇರುವವರು ನಾಣ್ಯ ಚಿಮ್ಮಿ ಕೈ ಎತ್ತಬೇಕೋ ಇಳಿಸಬೇಕೋ ನಿರ್ಧರಿಸಬೇಕು. ಉಳಿದವರು ಎಡಗಡೆಯವರ ಕೈ ಚಪ್ಪಾಳೆಗೆ ಮೊದಲು ಹೇಗಿತ್ತೋ ಹಾಗೆ ಮಾಡಬೇಕು. ಟೋಕನ್‌ಗಳು ಅಲೆದಾಡಿ, ಎರಡೆರಡಾಗಿ ಸಂಧಿಸಿ ಅಳಿದು, ಕೊನೆಗೆ ಒಂದೇ ಉಳಿಯುತ್ತದೆ. ಆ ಟೋಕನ್ ಅಲೆಯುವ ಅಧಿಕಾರದಂತೆ. ಅದು ಯಾರ ಬಳಿ ಇದೆಯೋ ಅವರು ಆ ಹೊತ್ತಿನ ಮುಂದಾಳು.

ಆರು ಮಂದಿ ಇದ್ದರೆ? ಮೇಲೆ ಕೆಳಗೆ ಎಂದು ಸರಿಯಾಗಿ ಹೊಂದಿಕೊಂಡು ಟೋಕನ್ ಇಲ್ಲವೇ ಆಗಬಹುದು. ಆಗ ಎರಡು ಚಿಹ್ನೆಗಳ ಬದಲು 0, 1, 2 ಎಂದು ಮೂರು ಚಿಹ್ನೆಗಳನ್ನು ಸುತ್ತಿಸೋಣವೆಂದರೆ, ಆರು ಮೂರರಿಂದಲೂ ಭಾಗವಾಗುತ್ತದೆ. ನಾಲ್ಕು ಚಿಹ್ನೆಗಳಾದರೆ ಸರಿ, ಏಕೆಂದರೆ ಆರನ್ನು ನಾಲ್ಕು ಭಾಗಿಸದು. ಒಟ್ಟಿನಲ್ಲಿ, ಯಂತ್ರಗಳ ಸಂಖ್ಯೆಯನ್ನು ಭಾಗಿಸದ ಅತಿ ಚಿಕ್ಕ ಸಂಖ್ಯೆ ಯಾವುದೋ ಅಷ್ಟು ಚಿಹ್ನೆಗಳು ಬೇಕು. 7ಕ್ಕೆ 2, 8ಕ್ಕೆ 3, 6ಕ್ಕೆ 4, 12ಕ್ಕೆ 5, 60ಕ್ಕೆ 7, 2,520ಕ್ಕೆ 11.

1999ರಲ್ಲಿ ಫ್ರಾನ್ಸಿನ ಜೊಫ್ರ್ವಾ ಬೊಕಿಯೆ, ಮರಿಯಾ ಗ್ರಾದಿನಾರಿಯು ಮತ್ತು ಕೊಲೆತ್ ಜೋನೆನ್ ಸ್ವಯಂಸ್ಥಿರ ನಾಯಕನ ಆಯ್ಕೆಗೆ ಬೇಕಾದ ನೆನಪನ್ನೇ ಮುಖ್ಯ ವಿಷಯವಾಗಿ ಇಟ್ಟುಕೊಂಡು ಒಂದು ಪ್ರಬಂಧ ಬರೆದರು. ಸುದ್ದಿ ಒಂದೇ ದಿಕ್ಕಿನಲ್ಲಿ ಹರಿಯುವ, ಹೆಸರಿಲ್ಲದ ಯಂತ್ರಗಳ ಉಂಗುರದಲ್ಲಿ, ನಾಣ್ಯ ಚಿಮ್ಮಿದರೂ ಸಹ, ಎಲ್ಲ ಗಾತ್ರಗಳಿಗೂ ಸಾಲುವಂಥ ನಿಶ್ಚಿತ ನೆನಪು ಎಂಬುದಿಲ್ಲವೆಂದು ಅವರು ಸಾಧಿಸಿದರು. ಯಾವ ಮಿತಿಯನ್ನು ಹಾಕಿದರೂ ಅದನ್ನು ಮೀರಿದ ನೆನಪು ಬೇಡುವ ಉಂಗುರವೊಂದು ಇದ್ದೇ ಇರುತ್ತದೆ. ಆದರೆ ಮೇಲೆ ಹೇಳಿದ ಭಾಗಿಸದ ಸಂಖ್ಯೆಯ ಉಪಾಯದಿಂದ, ಸರಾಸರಿಯಲ್ಲಿ ನಿಶ್ಚಿತ ನೆನಪು ಸಾಕು ಎಂದೂ ತೋರಿಸಿದರು. ಇದನ್ನು ನೀವೇ ಪರೀಕ್ಷಿಸಬಹುದು. ಸಂಖ್ಯೆಗಳಲ್ಲಿ ಅರ್ಧದಷ್ಟು ಬೆಸ. ಅವಕ್ಕೆ 2 ಚಿಹ್ನೆ ಸಾಕು. ಸಮಸಂಖ್ಯೆಗಳಲ್ಲಿ ಮೂರನೆಯ ಎರಡು ಪಾಲು 3ರಿಂದ ಭಾಗವಾಗುವುದಿಲ್ಲ. ಅವಕ್ಕೆ 3 ಸಾಕು. ಹೀಗೆ ಎಲ್ಲ ಸಂಖ್ಯೆಗಳ ಸರಾಸರಿ ತೆಗೆದರೆ ಸುಮಾರು 2.8 ಚಿಹ್ನೆಗಳಾಗುತ್ತವೆ, ಅಂದರೆ ಮೂರಕ್ಕೂ ಕಡಿಮೆ!

ಮೌನದ ಬೆಲೆ, ಮಾತಿನ ಲಾಭ

ನೆನಪಿಗೂ ಮಾತಿಗೂ ಇರುವ ಸಂಬಂಧ ಈ ಚರಿತ್ರೆಯ ಕೊನೆಯ ಘಟ್ಟ. ಆಯ್ಕೆ ಮುಗಿದ ಮೇಲೆ ಯಂತ್ರಗಳು ತಮ್ಮ ನೆನಪಿನಲ್ಲಿ ಏನನ್ನೂ ಬದಲಿಸದೆ ಸುಮ್ಮನಿದ್ದರೆ ಅಂಥ ವಿಧಾನವನ್ನು ಮೌನ ವಿಧಾನ ಎನ್ನುತ್ತಾರೆ. 1996ರಲ್ಲಿ ಶ್ಲೋಮಿ ದೊಲೆವ್, ಮೊಹಮದ್ ಗೂದಾ ಮತ್ತು ಮಾರ್ಕೊ ಷ್ನೈಡರ್, ಮೌನ ವಿಧಾನದಲ್ಲಿ ನಾಯಕನನ್ನು ಆರಿಸಬೇಕಾದರೆ ಯಂತ್ರಗಳ ಸಂಖ್ಯೆಯ ಲಾಗರಿದಮ್‌ನಷ್ಟು ಬಿಟ್‌ಗಳು ಬೇಕೇ ಬೇಕೆಂದು ಸಾಧಿಸಿದರು. 65,536 ಯಂತ್ರಗಳಿಗೆ 16 ಬಿಟ್‌ಗಳ ಅಳತೆ.

ಸುಮ್ಮನಿರದೆ ನೆರೆಯವರೊಡನೆ ಮಾತನಾಡುತ್ತಲೇ ಇದ್ದರೆ? 2013ರಲ್ಲಿ ಲೇಲಿಯಾ ಬ್ಲಾಂ ಮತ್ತು ಸೆಬಾಸ್ಟಿಯಾಂ ಟಿಕ್ಸೂಯ್, ಉಂಗುರದಲ್ಲಿ ಲಾಗರಿದಮ್‌ನ ಲಾಗರಿದಮ್‌ನಷ್ಟು ಅಳತೆಯ ಬಿಟ್‌ಗಳಲ್ಲಿಯೇ ಈ ಕೆಲಸ ಸಾಧ್ಯವೆಂದು ತೋರಿಸಿದರು. 65,536ರ ಲಾಗರಿದಮ್ 16. 16ರ ಲಾಗರಿದಮ್ 4.

ಇಷ್ಟು ಕಡಿಮೆ ನೆನಪಿನಲ್ಲಿ 16 ಬಿಟ್‌ಗಳ ಸಂಖ್ಯೆಗಳನ್ನು ಹೋಲಿಸುವುದು ಹೇಗೆ? ಯಂತ್ರದ ಸ್ವಂತ ಸಂಖ್ಯೆ ಅದರ ಮೇಲೆ ಅಚ್ಚು ಹಾಕಿದಂತಿರುತ್ತದೆ; ಅದು ಕೆಡುವುದಿಲ್ಲವಾದ್ದರಿಂದ ಲೆಕ್ಕಕ್ಕಿಲ್ಲ. ನೆರೆಯವರ ಸಂಖ್ಯೆಯನ್ನು ಪೂರ್ತಿ ಬರೆದಿಟ್ಟುಕೊಳ್ಳುವ ಬದಲು ‘ನಿನ್ನ ಮೊದಲನೆಯ ಬಿಟ್ ಯಾವುದು? ಎರಡನೆಯದು ಯಾವುದು?’ ಎಂದು ಒಂದೊಂದಾಗಿ ಕೇಳಿ ಹೋಲಿಸಬಹುದು. ಪರೀಕ್ಷೆಯ ನೋಂದಣಿ ಸಂಖ್ಯೆಯನ್ನು ಫೋನಿನಲ್ಲಿ ಅಂಕಿ ಅಂಕಿಯಾಗಿ ತಾಳೆ ನೋಡುವಂತೆ. ಆಗ ನೆನಪಿಡಬೇಕಾದುದು ‘ಎಷ್ಟನೆಯ ಸ್ಥಾನದಲ್ಲಿದ್ದೇವೆ’ ಎಂಬುದು ಮಾತ್ರ. 16 ಸ್ಥಾನಗಳನ್ನು ಗುರುತಿಸಲು 4 ಬಿಟ್‌ಗಳು ಸಾಕು. ಇದಕ್ಕಿಂತಲೂ ಕಡಿಮೆ ಮಾಡಬಹುದೇ ಎಂಬ ಪ್ರಶ್ನೆ ಕೆಲವು ವರ್ಷ ಉಳಿದಿತ್ತು. ನಾಣ್ಯ ಚಿಮ್ಮದ ವಿಧಾನಗಳಲ್ಲಿ ಈ ಅಳತೆಗಿಂತ ಕೆಳಗೆ ಇಳಿಯಲಾಗದೆಂದು ಬ್ಲಾಂ ಮತ್ತು ಸಂಗಡಿಗರು 2021ರಲ್ಲಿ ಸಾಧಿಸಿದರು.

ಇನ್ನೊಂದು ಕವಲೂ ಇದೆ. 2004ರಲ್ಲಿ ಆಂಗ್ಲೂಯಿನ್ ಮತ್ತು ಸಂಗಡಿಗರು ಪುಟ್ಟ ಸಂವೇದಕಗಳ ಗುಂಪನ್ನು ಕಲ್ಪಿಸಿಕೊಂಡರು. ಅವು ಜಾತ್ರೆಯ ಜನರಂತೆ ಎಲ್ಲೆಂದರಲ್ಲಿ ಇಬ್ಬಿಬ್ಬರಾಗಿ ಭೇಟಿಯಾಗುತ್ತವೆ. ಮೊದಲು ಎಲ್ಲವೂ ಮುಂದಾಳುಗಳೇ. ಇಬ್ಬರು ಮುಂದಾಳುಗಳು ಭೇಟಿಯಾದರೆ ಒಬ್ಬರು ಬಿಟ್ಟುಕೊಡಬೇಕು. ಒಂದೇ ಬಿಟ್‌ನ ನೆನಪಿನಲ್ಲಿ ಆಯ್ಕೆ ಮುಗಿಯುತ್ತದೆ, ಆದರೆ ಬಹಳ ನಿಧಾನ. ಸಾವಿರ ಸಂವೇದಕಗಳಿಗೆ ಸರಾಸರಿ ಹತ್ತು ಲಕ್ಷದಷ್ಟು ಭೇಟಿಗಳು ಬೇಕು. ನಿಶ್ಚಿತ ನೆನಪಿನಲ್ಲಿ ಇದನ್ನು ಹೇಳಿಕೊಳ್ಳುವಷ್ಟು ಬೇಗ ಮಾಡಲಾಗದೆಂದು 2015ರಲ್ಲಿ ಡೇವಿಡ್ ಡೋಟಿ ಮತ್ತು ಡೇವಿಡ್ ಸೊಲೊವೇಚಿಕ್ ಸಾಧಿಸಿದರು. ನೆನಪನ್ನು ಉಳಿಸಿದರೆ ಕಾಲವನ್ನು ತೆರಬೇಕು.

ಏತಕ್ಕಾಗಿ ಈ ಲೆಕ್ಕ?

ಇಂದು ನೆನಪು ಅಗ್ಗವಾಗಿದೆ. ಕೈಯಲ್ಲಿ ಹಿಡಿಯುವ ಫೋನಿನಲ್ಲಿಯೇ ಕೋಟ್ಯಂತರ ಬೈಟ್‌ಗಳಿವೆ. ಹಾಗಿರುವಾಗ ನಾಲ್ಕು ಬಿಟ್‌ಗಳೋ ಹದಿನಾರೋ ಎಂದು ಜಗಳವೇಕೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ.

ಮೊದಲನೆಯದಾಗಿ, ನೆನಪಿಟ್ಟದ್ದೆಲ್ಲ ಕೆಡಬಹುದಾದದ್ದು. 1980ರ ಅಕ್ಟೋಬರ್‌ನಲ್ಲಿ ಜಾಲವನ್ನು ನಿಲ್ಲಿಸಿದ್ದು ಎರಡು ಬಿಟ್‌ಗಳು. ಕಾಯಬೇಕಾದದ್ದು ಕಡಿಮೆಯಾದಷ್ಟೂ ಕೆಡುವ ಎಡೆಗಳು ಕಡಿಮೆ. ಎರಡನೆಯದಾಗಿ, ಗುಬ್ಬಚ್ಚಿಯಷ್ಟು ಚಿಕ್ಕ ಸಂವೇದಕಗಳಲ್ಲಿ ವಿದ್ಯುತ್ತೂ ನೆನಪೂ ನಿಜವಾಗಿಯೇ ಕೊರತೆಯ ವಸ್ತುಗಳು. ಮೂರನೆಯದು ಇವೆರಡಕ್ಕಿಂತ ಮುಖ್ಯವಾದದ್ದು. ಒಂದು ಕೆಲಸಕ್ಕೆ ಕನಿಷ್ಠ ಎಷ್ಟು ನೆನಪು ಬೇಕು ಎಂದು ಕೇಳುವುದೆಂದರೆ, ಆ ಕೆಲಸಕ್ಕೆ ನಿಜವಾಗಿ ಏನನ್ನು ತಿಳಿದಿರಬೇಕು ಎಂದು ಕೇಳಿದಂತೆ. ಪಟ್ಟಿ ಬೇಕೆ, ಹೆಸರು ಬೇಕೆ, ಎಣಿಕೆ ಬೇಕೆ, ಅಥವಾ ನೆರೆಯವರೊಡನೆ ಮಾತು ನಿಲ್ಲಿಸದಿದ್ದರೆ ಸಾಕೆ?

ಬಾಳೆಲೆಯ ಒಕ್ಕದ ಮಾತಿಗೆ ಮರಳಿ ಬರೋಣ. ಅಲ್ಲಿ ಯಾರ ಬಳಿಯೂ ಪೂರ್ತಿ ಪಟ್ಟಿ ಇರಬೇಕಾಗಿಲ್ಲ. ಪ್ರತಿಯೊಬ್ಬರಿಗೂ ತಮಗಿಂತ ಹಿರಿಯರು ಯಾರು ಎಂಬುದು ಗೊತ್ತಿದ್ದು, ಐನ್‌ಮನೆಯಲ್ಲಿ ವರ್ಷಕ್ಕೆ ಕೆಲವು ಸಲ ಸೇರಿ ಮಾತನಾಡಿದರೆ ಸಾಕು. ಆ ಸೇರುವಿಕೆ ನಿಂತರೆ ಪ್ರತಿ ಮನೆಯೂ ತಾನೇ ವಂಶಾವಳಿಯನ್ನು ಬರೆದಿಟ್ಟುಕೊಳ್ಳಬೇಕಾಗುತ್ತದೆ, ಬರೆದದ್ದು ತಪ್ಪಾಗಿದ್ದರೆ ತಿದ್ದುವವರೂ ಇರುವುದಿಲ್ಲ.

ಮುಂದಿನ ವಾರ ನಿಮ್ಮ ತರಗತಿಯಲ್ಲಿ ಏಳು ಮಂದಿ ವೃತ್ತವಾಗಿ ನಿಂತು ಕೈ ಎತ್ತುವ ಆಟವನ್ನು ಆಡಿ. ಟೋಕನ್ ಒಂದೇ ಆಗಲು ಎಷ್ಟು ಚಪ್ಪಾಳೆಗಳು ಬೇಕಾದವು ಎಂದು ಬರೆದಿಡಿ. ಹತ್ತು ಸಲ ಆಡಿ ಸರಾಸರಿ ತೆಗೆಯಿರಿ. ಆಮೇಲೆ ಒಂಬತ್ತು ಮಂದಿ, ಹನ್ನೊಂದು ಮಂದಿ ಆಗಿ ಆಡಿ. ನಡುವೆ ಒಬ್ಬರು ಬೇಕೆಂದೇ ತಪ್ಪು ಮಾಡಲಿ. ವ್ಯವಸ್ಥೆ ತಾನಾಗಿಯೇ ಸರಿಹೋಗುತ್ತದೆಯೇ ಎಂದು ನೋಡಿ. ಹತ್ತು ಮಂದಿಗೆ ಎಷ್ಟು ಚಿಹ್ನೆಗಳು ಬೇಕು ಎಂಬುದನ್ನು ಆಡುವ ಮೊದಲೇ ಲೆಕ್ಕ ಹಾಕಿಡಿ.